ದೊಡ್ಡಮ್ಮನ ಕಣ್ಣಳತೆ

ಎದುರು ಮನೆ ದೊಡ್ಡಮ್ಮನ ಹನ್ನೊಂದನೇ ದಿನದ ಊಟಕ್ಕೆ ಊರೆಲ್ಲ ಬಂದಿತ್ತು. ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ಕೊಳಾಲದ ಹಿರಿಯರೊಬ್ಬರು ತಮ್ಮ ಎಲೆ ನೋಡಿಕೊಂಡರು, ನನ್ನ ಎಲೆ ನೋಡಿದರು, ಆಮೇಲೆ ಬಡಿಸುವ ಹುಡುಗನ ಕಡೆ ತಿರುಗಿ, "ಲೇ, ಇವ್ರಿಗೆ ಎರಡು ವಡೆ, ನಂಗೆ ಒಂದಾ? ಆಯಮ್ಮ ಇದ್ದಿದ್ರೆ ಇಂಗೆ ಬುಡ್ತಿತ್ತೇನ್ಲಾ?" ಅಂದರು. ಸುತ್ತ ಕೂತವರೆಲ್ಲ ನಕ್ಕರು. ತುಂಬು ಬಾಳು ಬಾಳಿ ಹೋದವರ ಊಟದಲ್ಲಿ ನಕ್ಕರೆ ತಪ್ಪೇನಿಲ್ಲ. ಹಿರಿಯರು ಹೇಳಿದ್ದೂ ನಿಜವೇ. ದೊಡ್ಡಮ್ಮ ಇದ್ದ ಕಡೆ ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಮ್ಮಿ ಅನ್ನುವುದು ನಡೆಯುತ್ತಿರಲಿಲ್ಲ.

ಅವರು ನನಗೆ ಸಂಬಂಧಿಕರಲ್ಲ. ನಮ್ಮದು ಬೇರೆ ಜಾತಿ, ಅವರದು ತಲೆತಲಾಂತರದಿಂದ ಕುರಿ ಸಾಕಿಕೊಂಡು ಬಂದ ಮನೆ. ಊರಿನಲ್ಲಿ ಎಲ್ಲರೂ ದೊಡ್ಡಮ್ಮ ಅನ್ನುತ್ತಿದ್ದರು, ನಾನೂ ಅನ್ನುತ್ತಿದ್ದೆ. ಅವರ ಯಜಮಾನರನ್ನು ದೊಡ್ಡಪ್ಪ ಅನ್ನುತ್ತಿದ್ದೆ.

ಯುಗಾದಿ ಮಾರನೇ ದಿನ ನಮ್ಮ ಕಡೆ ಹತ್ತಾರು ಮನೆಯವರು ಸೇರಿ ಕುರಿ ಕೊಯ್ದು, ಬಾಡನ್ನು ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಮೂಳೆ, ಈಲಿ, ಕೊಬ್ಬು, ಎಲ್ಲದರಲ್ಲೂ ಎಲ್ಲ ಗುಡ್ಡೆಗೂ ಒಂದೊಂದು ತುಂಡು ಬರಬೇಕು. ಅದು ಗಂಡಸರ ಕೆಲಸ. ಆದರೆ ನಮ್ಮ ಬೀದಿಯಲ್ಲಿ ಗುಡ್ಡೆ ಹಾಕಿ ಮುಗಿದ ಮೇಲೆ, "ಎಲ್ಲಿ, ದೊಡ್ಡಮ್ಮನ್ನ ಕರೀರ್ಲಾ" ಅನ್ನುತ್ತಿದ್ದರು. ಅವರು ಸೆರಗು ಸಿಕ್ಕಿಸಿಕೊಂಡು ಬಂದು ನಿಲ್ಲುತ್ತಿದ್ದರು. ಕೈ ಹಾಕುತ್ತಿರಲಿಲ್ಲ, ಬೆರಳು ತೋರಿಸುತ್ತಿದ್ದರು ಅಷ್ಟೆ. "ಅದರಿಂದ ಒಂದು ತುಂಡು ತಗ್ದು ಇದಕ್ಕಾಕು. ಹ್ಞೂ, ಈಗ ತಗಂಡೋಗ್ರಿ." ಯಾರೋ ಒಬ್ಬ ತಮಾಷೆಗೆ ತಕ್ಕಡಿ ತಂದು ತೂಗಿ ನೋಡಿದ. ಆಮೇಲೆ ಯಾವತ್ತೂ ತಕ್ಕಡಿ ತರಲಿಲ್ಲ.

ನಾನು ಗೋಡೆ ಕಟ್ಟುವವನು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟು ಗಾರೆ ಬಾಂಡ್ಲಿ ಹೊತ್ತೆ, ಹದಿನೆಂಟಕ್ಕೆ ಕರಣೆ ಹಿಡಿದೆ. ಮಧುಗಿರಿಯಿಂದ ಪಾವಗಡದವರೆಗೆ ನಾನು ಕಟ್ಟಿದ ಮನೆಗಳಿವೆ, ಒಂದರಲ್ಲೂ ಗೋಡೆ ವಾಲಿದ್ದು ತೋರಿಸಲಿ ನೋಡೋಣ. ನಾನು ಸ್ವಂತವಾಗಿ ಒಪ್ಪಿಕೊಂಡ ಮೊದಲನೇ ಮನೆ ದೊಡ್ಡಮ್ಮನವರದೇ. ಮೂರು ಅಂಕಣದ ಮನೆ. ದೊಡ್ಡಪ್ಪ ಕುರಿ ಹೊಡೆದುಕೊಂಡು ಶಿರಾ ಕಡೆಗೆ ಹೋದರೆ ಹೊಲಗಳಲ್ಲಿ ಮಂದೆ ನಿಲ್ಲಿಸಿಕೊಂಡು ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಮನೆ ಕಟ್ಟಿಸಿದ್ದೆಲ್ಲ ದೊಡ್ಡಮ್ಮನೇ. ಗೋಡೆಗೆ ನೀರು ಹಾಕುವುದನ್ನು ಆಳಿಗೆ ಬಿಡಲಿಲ್ಲ. ಬೆಳಗ್ಗೆ ಕೊಡ ಹೊತ್ತು ಬಂದು, ಚೊಂಬಿನಲ್ಲಿ ಎರಚಿ, ಕೈಯಲ್ಲಿ ಮುಟ್ಟಿ ನೋಡುತ್ತಿದ್ದರು. ಒಂದು ದಿನ ನಾನು ಕಟ್ಟಿದ ಮೂಲೆಯ ಹತ್ತಿರ ನಿಂತು ತಲೆ ಓರೆ ಮಾಡಿದರು.

"ಇದು ಒಂಚೂರು ಆ ಕಡೀಕೆ ಹೋಗದೆ ಕಣ್ಲಾ."

"ತೂಗುಗುಂಡು ಬಿಟ್ಟು ನೋಡಿದೀನಿ ದೊಡ್ಡಮ್ಮ. ಸರಿಯಾಗೇ ಐತೆ."

"ಇನ್ನೊಂದ್ ಸಲ ಬುಡು."

ಬಿಟ್ಟೆ. ಒಂದು ನೂಲಿನಷ್ಟು ಹೋಗಿತ್ತು. ನನಗೆ ಆಗ ಇಪ್ಪತ್ತೆರಡು ವರ್ಷ, ಆಳುಗಳ ಮುಂದೆ ಮುಖ ಕೆಂಪಾಯಿತು. ಎರಡು ವರಸೆ ಇಟ್ಟಿಗೆ ಕಿತ್ತು ಮತ್ತೆ ಕಟ್ಟಿದೆ. ಮಧ್ಯಾಹ್ನ ಊಟಕ್ಕೆ ಕೂತಾಗ ದೊಡ್ಡಮ್ಮ ಏನೂ ಆಗದವರ ಹಾಗೆ ಮುದ್ದೆ ಇಟ್ಟು, ಸಾರು ಬಿಟ್ಟರು. ಮೇಸ್ತ್ರಿಗೊಂದು ಗಾತ್ರದ ಮುದ್ದೆ, ಆಳಿಗೊಂದು ಗಾತ್ರದ್ದು ಅಂತ ಆ ಮನೆಯಲ್ಲಿ ಇರಲಿಲ್ಲ. ಅವರ ಮಕ್ಕಳಿಗೂ ಅದೇ ಗಾತ್ರ.

ಆ ಮಕ್ಕಳು ಇಬ್ಬರು. ಇಬ್ಬರಲ್ಲಿ ಯಾರೇ ತಪ್ಪು ಮಾಡಿದರೂ ಇಬ್ಬರಿಗೂ ಏಟು ಬೀಳುತ್ತಿತ್ತು. ಚಿಕ್ಕವನು ಒಂದು ಸಲ ಅಳುತ್ತಾ, "ನಾನೇನ್ ಮಾಡ್ದೆ, ಅಣ್ಣ ಅಲ್ವಾ ಮಡಕೆ ಒಡ್ದಿದ್ದು?" ಅಂತ ಕೇಳಿದ್ದನ್ನು ನಾನೇ ಕೇಳಿದ್ದೇನೆ. ದೊಡ್ಡಮ್ಮ, "ನಾಳಿಕ್ಕೆ ನೀನು ಒಡೀತೀಯಲ್ಲ, ಆಗ ಅವನೂ ತಿಂತಾನೆ, ಸುಮ್ಕಿರು" ಅಂದರು. ಅವರ ತವರು ಪಾವಗಡದ ಆಚೆ, ಆಂಧ್ರದ ಗಡಿಯಲ್ಲಿ. ಸಿಟ್ಟು ಬಂದರೆ ಬಾಯಲ್ಲಿ ತೆಲುಗು ಬರುತ್ತಿತ್ತು. "ಏಂ ರಾ ಇದಿ?" ಏನೋ ಇದು, ಅಂತ ಒಳಗಿನಿಂದ ಕೂಗು ಕೇಳಿದರೆ ಬೀದಿಯ ಮಕ್ಕಳೆಲ್ಲ ತಮ್ಮನ್ನೇ ಕೇಳಿದರು ಅಂತ ಓಡಿಹೋಗುತ್ತಿದ್ದರು.

ಮೊಮ್ಮಕ್ಕಳಾದ ಮೇಲೆ ಏಟು ನಿಂತಿತು, ಹಂಚುವುದು ನಿಲ್ಲಲಿಲ್ಲ. ನಾಲ್ಕು ಮಕ್ಕಳ ನಡುವೆ ಒಂದು ಕೊಬ್ಬರಿ ಮಿಠಾಯಿ ಸಿಕ್ಕರೂ ಅದನ್ನು ನಾಲ್ಕು ಮಾಡಿ ಬಾಳೆಲೆ ಚೂರಿನ ಮೇಲಿಟ್ಟು, "ಚಿಕ್ಕೋರ ಕೈ ಮುಂದೆ" ಅನ್ನುವರು. ಎಲ್ಲಕ್ಕಿಂತ ಚಿಕ್ಕದು ಮೊದಲು ಆರಿಸಿಕೊಳ್ಳಬೇಕು. ಅದು ಎಷ್ಟು ಹೊತ್ತು ನೋಡಿದರೂ ಯಾವುದು ದೊಡ್ಡ ಚೂರು ಅಂತ ಗೊತ್ತಾಗದೆ ಪೆಚ್ಚಾಗುತ್ತಿತ್ತು. ದೊಡ್ಡಮ್ಮ ಅದನ್ನು ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿದು ನಗುವರು. ತಮಗೊಂದು ಚೂರು ಇಟ್ಟುಕೊಂಡಿದ್ದನ್ನು ನಾನು ನೋಡಿಲ್ಲ.

ದೊಡ್ಡಪ್ಪನಿಗೆ ಲಕ್ವ ಹೊಡೆದದ್ದು ಕುರಿ ಮಾರಿಕೊಂಡು ಬಂದ ಸಂಜೆ. ಬಲಗೈ, ಬಲಗಾಲು ಬಿದ್ದುಹೋಯಿತು, ಮಾತೂ ನಿಂತಿತು. ದೊಡ್ಡಮ್ಮ ಮುದ್ದೆಯನ್ನು ಗೋಲಿಯಷ್ಟು ಮಾಡಿ, ಸಾರಿನಲ್ಲಿ ಅದ್ದಿ, ನಾಲಿಗೆಯ ಮೇಲಿಟ್ಟು, ಗಂಟಲು ಇಳಿದದ್ದನ್ನು ನೋಡಿ ಇನ್ನೊಂದು ಇಡುತ್ತಿದ್ದರು. ಒಂದು ಊಟಕ್ಕೆ ಒಂದು ಗಂಟೆ. ಬೇರೆಯವರು ತಿನ್ನಿಸಲು ಹೋದರೆ ಬಾಯಿ ಬಿಡುತ್ತಿರಲಿಲ್ಲ.

ಅದಾಗಿ ಎರಡು ವರ್ಷಕ್ಕೆ ಮಕ್ಕಳು ಬೇರೆಯಾದರು. ದೊಡ್ಡ ಜಗಳವೇನಿಲ್ಲ. ದೊಡ್ಡವನದು ಹೊಲ, ಚಿಕ್ಕವನು ಕೊರಟಗೆರೆಯಲ್ಲಿ ಶಾಮಿಯಾನದ ಅಂಗಡಿ ಹಾಕಿದ್ದ. ಒಬ್ಬ ಸೊಸೆ ನಸುಕಿಗೆ ಒಲೆ ಹಚ್ಚಬೇಕು, ಇನ್ನೊಬ್ಬಳಿಗೆ ಎಂಟು ಗಂಟೆಗೆ ಆದರೂ ನಡೆಯುತ್ತದೆ. ಇಷ್ಟಕ್ಕೇ ಒಲೆ ಎರಡಾಯಿತು. ಊರಿನ ಮೂವರು ಹಿರಿಯರು ಬಂದು ಅಂಗಳದಲ್ಲಿ ಕೂತರು. ಹೊಲ, ಕುರಿ, ಬೋರ್‌ವೆಲ್ ನೀರು ದಿನ ಬಿಟ್ಟು ದಿನ, ತಪ್ಪಲೆ, ಕೊಳಗ, ಕಂಬಳಿ, ಎಲ್ಲ ಎರಡು ಸಾಲಾಗಿ ಇಟ್ಟರು. ಪ್ರತಿಯೊಂದಕ್ಕೂ ದೊಡ್ಡಮ್ಮನ ಮುಖ ನೋಡುವರು. ಅವರು ಬೆರಳು ತೋರಿಸಿ ಆ ಚೊಂಬು ಈ ಕಡೆ, ಈ ಮಣೆ ಆ ಕಡೆ ಅನ್ನುವರು. ಸೊಸೆಯರಿಬ್ಬರಿಗೂ ತಕರಾರು ತೆಗೆಯಲು ಏನೂ ಉಳಿದಿರಲಿಲ್ಲ.

ಎಲ್ಲ ಮುಗಿದ ಮೇಲೆ ದೊಡ್ಡಪ್ಪ, ದೊಡ್ಡಮ್ಮ ಪಾಲಾಗದೆ ಉಳಿದರು. ನಮ್ಮ ಕಡೆ ಇದೊಂದು ಪದ್ಧತಿ ಇದೆ. ಇಬ್ಬರನ್ನೂ ಒಬ್ಬನ ಮೇಲೇ ಹಾಕಿದರೆ ಅವನಿಗೆ ಭಾರ, ಇನ್ನೊಬ್ಬನಿಗೆ ಕೆಟ್ಟ ಹೆಸರು. ಅದಕ್ಕೇ ತಂದೆ ಒಬ್ಬನಿಗೆ, ತಾಯಿ ಒಬ್ಬನಿಗೆ.

"ಅಪ್ಪ ದೊಡ್ಡೋನಿಗೆ, ಅವ್ವ ಚಿಕ್ಕೋನಿಗೆ," ಅಂದರು ಹಿರಿಯರಲ್ಲಿ ಒಬ್ಬರು. "ಏನವ್ವ, ಸಮ ಆಯ್ತಾ?"

ಜೀವಮಾನವೆಲ್ಲ ಪಾಲು ಸಮ ಮಾಡಿದ ಹೆಂಗಸು, ಆ ಪಾಲಿನಲ್ಲಿ ಏನು ತಪ್ಪು ಅಂತ ಹೇಳಿಯಾರು? "ಲೆಕ್ಕಕ್ಕೇನೋ ಸಮ ಐತೆ ಕಣಪ್ಪ" ಅಂದರು.

ಬೀದಿಗೆ ಇನ್ನೊಂದು ಬಾಗಿಲು ಇಟ್ಟು, ನಡುಮನೆಯ ಮಧ್ಯಕ್ಕೆ ಗೋಡೆ ಹಾಕಲು ನನ್ನನ್ನು ಕರೆದರು. ಒಂದು ಇಟ್ಟಿಗೆಯ ಅಡ್ಡಳತೆ, ನಾಲ್ಕೂವರೆ ಇಂಚಿನ ಗೋಡೆ. "ಬಾಗಿಲು, ಕಿಂಡಿ, ಗೂಡು, ಏನೂ ಬೇಡ ಮೇಸ್ತ್ರಿ. ನಾಳೆ ಅದೇ ಒಂದು ಮಾತಿಗೆ ದಾರಿ ಆಗಬಾರದು," ಅಂದ ದೊಡ್ಡವನು. ಸರಿ ಅಂತ ಒಪ್ಪಿಕೊಂಡೆ. ಎರಡನೇ ದಿನ ಗೋಡೆ ಸೊಂಟದ ಮಟ್ಟಕ್ಕೆ ಬಂದಾಗ ದೊಡ್ಡಮ್ಮ ಟೀ ತಂದುಕೊಟ್ಟು ಅಲ್ಲೇ ನಿಂತರು.

"ಇಲ್ಲೊಂದು ಕಿಂಡಿ ಬುಡ್ಲಾ ಮೇಸ್ತ್ರಿ. ತಟ್ಟೆ ಆಡೋವಷ್ಟು."

"ಏನಕ್ಕೆ ದೊಡ್ಡಮ್ಮ? ನೀನು ಬೀದೀಲಿ ಬಳಸ್ಕೊಂಡು ಬಂದು ದೊಡ್ಡಪ್ಪಂಗೆ ತಿನ್ನಿಸಬೌದಲ್ಲ."

"ತಿನ್ನಿಸೋಕೆ ಬತ್ತೀನಿ. ಉಣ್ಣಕೆ ಹೆಂಗ್ ಬರ್ಲಿ? ಮದ್ವೆ ಆದಾಗಿಂದ ನಿಮ್ ದೊಡ್ಡಪ್ಪ ಉಂಡ್ ತಟ್ಟೇಲೇ ಉಂಡೋಳು ನಾನು. ಈಗ ಅವರ ತಟ್ಟೇಲಿ ಇರಾದು ದೊಡ್ಡೋನ ಮನೆ ಅನ್ನ. ನಾನು ಚಿಕ್ಕೋನ ಪಾಲು. ಅದನ್ನ ಉಂಡ್ರೆ ದೊಡ್ಡ ಸೊಸೆ ಮೇಲೆ ಇಬ್ರು ಬಿದ್ದಂಗಾಯ್ತು. ಕಿಂಡಿ ಇದ್ರೆ, ನನ್ ತಟ್ಟೆ ಈ ಕಡೆ, ಅವರ ತಟ್ಟೆ ಆ ಕಡೆ. ಒಟ್ಟಿಗೆ ಉಂಡಂಗಾದ್ರೂ ಆಗ್ತದೆ."

ನಾನು ಕರಣೆ ಕೆಳಗಿಡಲಿಲ್ಲ. "ಮೂರು ಜನ ಹಿರೀರು ಕೂತು ಆಡಿದ ಮಾತು. ಗೋಡೆ ಅಂದ್ಮೇಲೆ ಗೋಡೆ ಇರ್ಬೇಕು. ಒಪ್ಪಿಕೊಂಡ ಕೆಲಸದಲ್ಲಿ ನಾನು ಹಿಂದೆ ಮುಂದೆ ಮಾಡೋನಲ್ಲ ದೊಡ್ಡಮ್ಮ."

ಅವತ್ತು ಹಾಗೆ ಹೇಳಿದ್ದಕ್ಕೆ ನನಗೆ ಹೆಮ್ಮೆಯೇ ಇತ್ತು. ಮಾತಿಗೆ ನಿಲ್ಲುವವನು ಅನ್ನಿಸಿಕೊಂಡೇ ಅಲ್ಲವೇ ನಾನು ಬದುಕಿದ್ದು. ದೊಡ್ಡಮ್ಮ, "ಸರಿ ಕಣಪ್ಪ, ನಿನ್ ಕೆಲ್ಸ ನೀನ್ ಮಾಡು" ಅಂತ ಖಾಲಿ ಲೋಟ ತೆಗೆದುಕೊಂಡು ಹೋದರು. ಗೋಡೆ ಮೇಲಕ್ಕೆ ಮುಟ್ಟಿತು. ಮುಂದಿನ ಏಳು ದಿನ ಆ ಗೋಡೆಗೆ ನೀರು ಹಾಕಿದ್ದೂ ಅವರೇ. ಈ ಕಡೆ ಎರಚಿ, ಬೀದಿಗೆ ಬಂದು, ಆ ಬಾಗಿಲಿಂದ ಒಳಗೆ ಹೋಗಿ ಆ ಕಡೆಯೂ ಎರಚುತ್ತಿದ್ದರು.

ಅಲ್ಲಿಂದ ಅವರ ಓಡಾಟ ಶುರುವಾಯಿತು. ದಿನಕ್ಕೆ ಮೂರು ಹೊತ್ತು, ಚಿಕ್ಕವನ ಬಾಗಿಲಿಂದ ಇಳಿದು ದೊಡ್ಡವನ ಬಾಗಿಲು ಹತ್ತುವುದು. ಬರಿಗೈಯಲ್ಲಿ ಹೋಗುವರು, ಬರಿಗೈಯಲ್ಲಿ ಬರುವರು. ಒಂದು ಹೋಳಿಗೆಯನ್ನೂ ಆ ಕಡೆಯಿಂದ ಈ ಕಡೆಗೆ ತಂದವರಲ್ಲ. ದೊಡ್ಡ ಸೊಸೆ ಮೊದಮೊದಲು, ನಾನೇನು ಮಾವನಿಗೆ ಅನ್ನ ಇಕ್ಕುವುದಿಲ್ಲವೇ ಅಂತ ಮುಖ ಊದಿಸಿಕೊಂಡಳು. ಆಮೇಲೆ ಅವಳಿಗೇ ಮನಸ್ಸು ಕರಗಿತು. "ಅತ್ತೆ, ಇಲ್ಲೇ ಒಂದು ತುತ್ತು ಉಂಡೋಗಿ. ನಾನೇನು ಅನ್ನ ಅಳೀತಾ ಕೂತಿದೀನಾ?" ಅಂತ ಬಾಗಿಲಲ್ಲಿ ನಿಂತು ಕರೆಯುವಳು.

"ಬ್ಯಾಡ ಕಣವ್ವ. ನಿನ್ ಪಾಲಿಗೆ ಬಂದೋರು ಒಬ್ರು."

"ಈಯಮ್ಮನ ಹಟ ನೋಡಣ್ಣ!" ಅಂತ ಅವಳು ನನ್ನ ಜಗಲಿಯ ಕಡೆ ತಿರುಗಿ ದೂರುವಳು. ನಾನು ಎದ್ದು ಒಳಗೆ ಹೋಗುತ್ತಿದ್ದೆ. ಕಿಂಡಿ ಬಿಡದವನು ನಾನೇ ಅಲ್ಲವೇ?

ಎರಡು ವರ್ಷ ಹೀಗೇ ನಡೆಯಿತು. ಮೂರನೇ ಮಳೆಗಾಲದಲ್ಲಿ ಒಂದು ಬೆಳಗ್ಗೆ ದೊಡ್ಡವನ ಮನೆಯ ಮೆಟ್ಟಿಲ ಮೇಲೆ ದೊಡ್ಡಮ್ಮ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ತುಮಕೂರಿಗೆ ಕರೆದುಕೊಂಡು ಹೋಗಿ ರಾಡ್ ಹಾಕಿಸಿಕೊಂಡು ಬಂದರು. ಮೂರು ತಿಂಗಳು ಕಾಲು ನೆಲಕ್ಕೆ ಊರಬಾರದು ಅಂತ ಡಾಕ್ಟರ್ ಹೇಳಿ ಕಳಿಸಿದರು. ಚಿಕ್ಕವನ ಮನೆಯಲ್ಲಿ ಆ ಗೋಡೆಗೆ ಒತ್ತಿ ಮಂಚ ಹಾಕಿದರು. ಗೋಡೆಯ ಆ ಕಡೆ, ಅದೇ ಜಾಗದಲ್ಲಿ, ದೊಡ್ಡಪ್ಪನ ಮಂಚ.

ದೊಡ್ಡಮ್ಮ ಆಸ್ಪತ್ರೆಯಲ್ಲಿದ್ದಷ್ಟು ದಿನ ದೊಡ್ಡಪ್ಪ ದೊಡ್ಡ ಸೊಸೆಯ ಕೈಯಲ್ಲಿ ಗಂಜಿಯ ನೀರು ಮಾತ್ರ ಕುಡಿದಿದ್ದರು. ಈಗ ಹೆಂಡತಿ ಬಂದ ದನಿ ಗೋಡೆಯಾಚೆ ಕೇಳಿದ ಮೇಲೆ ಅದೂ ಬೇಡವಾಯಿತು. ಬಾಯಿ ಬಿಗಿ ಹಿಡಿದರು. ಎಡಗೈಯಲ್ಲಿ ಗೋಡೆ ಬಡಿಯಲು ಶುರು ಮಾಡಿದರು. ಈ ಕಡೆಯಿಂದ ದೊಡ್ಡಮ್ಮ, "ಉಣ್ಣಿ, ಉಣ್ಣಿ" ಅಂತ ಕೂಗುವರು. ಎರಡು ದಿನ ಹೀಗಾಯಿತು.

ದೊಡ್ಡವನನ್ನು ಹಿಡಿದು ಕೇಳಿದೆ. "ನಿಮ್ಮಪ್ಪನ ಮಂಚಾನ ಆ ಕಡೆ ಹಾಕ್ಬಾರ್ದೇನಯ್ಯ?"

"ನಮ್ಮಪ್ಪನ್ನ ಸಾಕೋಕಾಗದೆ ತಮ್ಮನ ಮನೆಗೆ ತಳ್ದ ಅಂತಾರೆ ಜನ. ಅವ್ವನ್ನೇ ಈ ಕಡೆ ಕಳಿಸ್ಲಿ."

ಚಿಕ್ಕವನನ್ನು ಕೇಳಿದರೆ ಅವನೂ ಅದನ್ನೇ ಅಂದ. "ಬಿದ್ದು ಸೊಂಟ ಮುರ್ಕಂಡ ಮೇಲೆ ಅವ್ವನ್ನ ಅಣ್ಣನ ಮನೆಗೆ ಸಾಗಿಸ್ದ ಅನ್ನಿಸ್ಕೊಳ್ಳಾ? ಅಪ್ಪನ್ನೇ ಕಳಿಸ್ಲಿ ಬುಡಣ್ಣ."

ಇಬ್ಬರೂ ಕೆಟ್ಟವರಲ್ಲ. ಇಬ್ಬರಿಗೂ ತಾಯಿ ತಂದೆಯ ಮೇಲೆ ಪ್ರೀತಿ ಇತ್ತು, ಅದರ ಮೇಲೆ ಒಂದು ಹಿಡಿ ಮರ್ಯಾದೆಯ ಚಿಂತೆ ಇತ್ತು. ಅದು ಎಂಥದು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೊಳವನಹಳ್ಳಿಯಲ್ಲಿ ಒಪ್ಪಿಕೊಂಡಿದ್ದ ಕೆಲಸಕ್ಕೆ ಮೂರನೇ ದಿನ ನಾನು ಹೋಗಲಿಲ್ಲ. ಇಬ್ಬರು ಗಂಡಸರೂ ಮನೆಯಲ್ಲಿಲ್ಲದ ಹೊತ್ತು, ಮಧ್ಯಾಹ್ನ, ಉಳಿ ಸುತ್ತಿಗೆ ತೆಗೆದುಕೊಂಡು ಚಿಕ್ಕವನ ಮನೆಗೆ ನುಗ್ಗಿದೆ.

"ಏನಣ್ಣ ಇದು?" ಅಂದಳು ಚಿಕ್ಕ ಸೊಸೆ.

"ಗೋಡೇಲಿ ನಂದೊಂದು ತಪ್ಪಾಗದೆ ಕಣಮ್ಮ. ಸರಿ ಮಾಡ್ಬೇಕು."

ಮಂಚದ ಮಟ್ಟಕ್ಕೆ ಉಳಿ ಇಟ್ಟು ಹೊಡೆದೆ. "ಏಂ ರಾ ಇದಿ?" ಅಂದರು ದೊಡ್ಡಮ್ಮ. ನಾನು ನಿಲ್ಲಿಸಲಿಲ್ಲ. ಚೆನ್ನಾಗಿ ನೀರು ಕುಡಿದ ಗೋಡೆ, ಕಲ್ಲಾಗಿತ್ತು, ಒಂದೊಂದು ಇಟ್ಟಿಗೆಗೂ ಬೆವರು ಬಂತು. ಎಂಟು ಇಟ್ಟಿಗೆ ತೆಗೆದೆ. ಧೂಳು ಇಳಿದಾಗ ಆ ಕಡೆಯಿಂದ ದೊಡ್ಡಪ್ಪನ ಎಡಗೈ ಕಿಂಡಿಯೊಳಗೆ ಬಂದು ತಡಕಾಡಿತು. ದೊಡ್ಡಮ್ಮ ಅದನ್ನು ಹಿಡಿದುಕೊಂಡರು. ಹಿಡಿದುಕೊಂಡೇ ನನ್ನನ್ನು ಗದರಿದರು. "ನೋಡ್ತಾ ನಿಂತ್ಯಲ್ಲ, ಅಂಚು ಸರಿ ಮಾಡ್ಲಾ. ಅವರ ಕೈ ತರಚ್ತದೆ."

ನಾನು ಗಾರೆ ಕಲಸಿ ಅಂಚು ನುಣುಪು ಮಾಡಿ ಮುಗಿಸಿ, ಅದರ ಮೇಲೆ ಒಂದು ಹಲಗೆ ಹಾಕುವ ಹೊತ್ತಿಗೆ ಆ ಕಡೆಯಿಂದ ದೊಡ್ಡ ಸೊಸೆ ಯಾರೂ ಹೇಳದೆಯೇ ಒಂದು ತಟ್ಟೆ ತಂದು ಹಲಗೆಯ ಮೇಲಿಟ್ಟಳು. ಬಿಸಿ ಮುದ್ದೆ, ಹುರುಳಿಕಾಳಿನ ಸಾರು. ದೊಡ್ಡಮ್ಮ ಮಲಗಿದಲ್ಲೇ ಪಕ್ಕಕ್ಕೆ ತಿರುಗಿ ಗೋಲಿ ಮಾಡಿ, ಅದ್ದಿ, ಕಿಂಡಿಯಾಚೆ ಕೈ ಚಾಚಿದರು. ದೊಡ್ಡಪ್ಪ ಬಾಯಿ ಬಿಟ್ಟರು. ಮೂರು ದಿನದ ಹಸಿವು, ಆದರೂ ಅರ್ಧ ಮುದ್ದೆಗೆ ಬಾಯಿ ಮುಚ್ಚಿದರು. ಎಡಗೈಯಲ್ಲಿ ತಟ್ಟೆಯನ್ನು ಈ ಕಡೆಗೆ ತಳ್ಳಿದರು.

"ನಂಗ್ಯಾಕೆ? ಇದು ದೊಡ್ಡೋನ ಮನೇದು. ನೀವು ಉಣ್ಣಿ," ಅಂತ ದೊಡ್ಡಮ್ಮ ಆ ಕಡೆಗೆ ತಳ್ಳಿದರು.

ತಟ್ಟೆ ಮತ್ತೆ ಈ ಕಡೆ ಬಂತು. ಮತ್ತೆ ಹೋಯಿತು. ಮೂರನೇ ಸಲ ದೊಡ್ಡಪ್ಪ ತಟ್ಟೆಯನ್ನು ತಳ್ಳಿ, ಕೈ ತೆಗೆಯದೆ ಅಂಚನ್ನು ಒತ್ತಿ ಹಿಡಿದುಬಿಟ್ಟರು. ದೊಡ್ಡಮ್ಮ ಚಿಕ್ಕ ಸೊಸೆಯ ಮುಖ ನೋಡಿದರು. ಅವಳ ಕೈಯಲ್ಲಿ ಅತ್ತೆಗೆಂದು ಹಾಕಿಕೊಂಡು ಬಂದಿದ್ದ ತಟ್ಟೆ ಇತ್ತು.

"ಉಣ್ಣಿ ಅತ್ತೆ," ಅಂದಳು ಅವಳು. "ಇದನ್ನ ಸಂಜೀಕೆ ಬಿಸಿ ಮಾಡ್ಕೊಡ್ತೀನಿ."

ದೊಡ್ಡಮ್ಮ ಉಂಡರು. ಯಾರ ಎಲೆಯಲ್ಲಿ ಎಷ್ಟಿದೆ ಅಂತ ದೂರದಿಂದಲೇ ಹೇಳುತ್ತಿದ್ದವರು, ಅವತ್ತು ತಟ್ಟೆಯಲ್ಲಿ ಎಷ್ಟಿತ್ತು ಅಂತ ನೋಡಲೇ ಇಲ್ಲ. ತಲೆ ಬಗ್ಗಿಸಿ, ಬೆರಳು ನೆಕ್ಕಿ ಮುಗಿಸಿದರು. ಆ ಕಡೆಯಿಂದ, "ಸಾರು ಹಾಕ್ಲಾ ಅತ್ತೆ?" ಅಂತ ದನಿ ಬಂತು. "ಒಂಚೂರು ಹಾಕವ್ವ" ಅಂದರು.

ಸಂಜೆ ದೊಡ್ಡವನು ಹೊಲದಿಂದ ಬಂದು ಬೀದಿಯಲ್ಲೇ ಕೂಗಾಡಿದ. "ಯಾರ್ನ ಕೇಳಿ ಒಡ್ದೆ ಮೇಸ್ತ್ರಿ?"

"ಯಾರ್ನೂ ಕೇಳ್ಲಿಲ್ಲ. ಅವತ್ತು ನಿಮ್ಮವ್ವ ಕಿಂಡಿ ಕೇಳ್ದಾಗ ಬಿಟ್ಟಿದ್ರೆ ಇವತ್ತು ಒಡೆಯೋದೇ ಬರ್ತಿರ್ಲಿಲ್ಲ. ಒಳಗೋಗಿ ನೋಡು."

ಒಳಗೆ ಹೋದ. ಬಗ್ಗಿ ಕಿಂಡಿಯಲ್ಲಿ ಇಣುಕಿದ. ಆ ಕಡೆಯಿಂದ ಅವನ ತಾಯಿ, "ಬಂದ್ಯೇನೋ? ಮಳೇಲಿ ನೆಂದಿದೀಯ, ತಲೆ ಒರಸ್ಕೋ ಹೋಗು" ಅಂದದ್ದು ನನಗೆ ಹೊರಗೆ ಕೇಳಿತು. ಅವನು ಮತ್ತೆ ಹೊರಗೆ ಬರಲಿಲ್ಲ.

ದೊಡ್ಡಪ್ಪ ಅವರೆಕಾಯಿ ಕಾಲ ಮುಗಿಯುವವರೆಗೆ ಇದ್ದರು. ಅಷ್ಟೂ ದಿನ ಒಂದೇ ತಟ್ಟೆ. ಒಂದು ಹೊತ್ತು ಆ ಕಡೆಯದು, ಒಂದು ಹೊತ್ತು ಈ ಕಡೆಯದು, ಸೊಸೆಯರು ತಾವೇ ಗೊತ್ತು ಮಾಡಿಕೊಂಡಿದ್ದರು. ಅವರು ಹೋದ ದಿನ ದೊಡ್ಡಮ್ಮ ಕೋಲು ಊರಿಕೊಂಡು ಬೀದಿ ಬಳಸಿ ಹೋಗಿ ತಲೆಯ ಹತ್ತಿರ ಕೂತರು. ಗಟ್ಟಿಯಾಗಿ ಅತ್ತಿದ್ದು ನಾನು ಕೇಳಲಿಲ್ಲ.

ತಿಥಿ ಮುಗಿದ ವಾರಕ್ಕೆ ನನ್ನನ್ನು ಕರೆದರು. "ಇನ್ನ ಮುಚ್ಬುಡು ಕಣ್ಲಾ. ಮೂರು ಜನ ಹಿರೀರ ಮಾತು. ಗೋಡೆ ಅಂದ್ಮೇಲೆ ಗೋಡೆ ಇರ್ಬೇಕು."

ನನ್ನ ಮಾತನ್ನೇ ನನಗೆ ಹೇಳುತ್ತಿದ್ದರು, ಕುಹಕವೇನಿಲ್ಲದೆ. ಕಿಂಡಿಯ ಹಲಗೆಯ ಮೇಲೆ ಆಗ ಹುರಿದ ಕಡ್ಲೆಕಾಯಿಯ ನಾಲ್ಕು ಗುಡ್ಡೆ ಇದ್ದವು. ಆ ಕಡೆಯಿಂದ ಎರಡು ಪುಟ್ಟ ಕೈ, ಈ ಕಡೆಯಿಂದ ಎರಡು, ಯಾವುದು ದೊಡ್ಡದು ಅಂತ ಗೊತ್ತಾಗದೆ ಕಾಯುತ್ತಿದ್ದವು.

"ಸಿಮೆಂಟ್ ಬಂದಿಲ್ಲ ದೊಡ್ಡಮ್ಮ," ಅಂದೆ.

ತಿಂಗಳು ಬಿಟ್ಟು ಮತ್ತೆ ಕೇಳಿದರು. ಬಂದಿಲ್ಲ ಅಂದೆ. ವರ್ಷ ಕಳೆಯಿತು, ಇನ್ನೊಂದು ವರ್ಷ ಕಳೆಯಿತು. "ಏನ್ಲಾ, ಊರೋರ ಮನೆಗೆಲ್ಲ ಬತ್ತದೆ, ನನ್ ಮನೆಗೆ ಮಾತ್ರ ಬರಾಕಿಲ್ವಾ ನಿನ್ ಸಿಮೆಂಟು?" ಅನ್ನುವರು. "ಬತ್ತದೆ ಇರು" ಅನ್ನುವೆ.

ಕೊನೆಯ ಸಲ ಕೇಳಿದ್ದು ಹೋದ ತಿಂಗಳು, ತೀರಿಕೊಳ್ಳುವ ಮೂರು ದಿನ ಮುಂಚೆ. ಮಂಚ ಬಿಟ್ಟು ಏಳುತ್ತಿರಲಿಲ್ಲ. ಆ ಕಡೆಯಿಂದ ದೊಡ್ಡ ಸೊಸೆ ಕಿಂಡಿಯಲ್ಲಿ ಕೈ ಹಾಕಿ ಅವರ ಹಣೆ ಮುಟ್ಟಿ ನೋಡುತ್ತಿದ್ದಳು. ನನ್ನ ಮುಂದಿನ ಕೆಲಸಕ್ಕೆಂದು ಬೆಳಗ್ಗೆಯಷ್ಟೇ ಇಳಿಸಿದ್ದ ಹತ್ತು ಮೂಟೆ ಸಿಮೆಂಟು ನನ್ನ ಜಗಲಿಯ ಮೇಲೆ ಪೇರಿಸಿಟ್ಟಿತ್ತು, ತೆರೆದ ಬಾಗಿಲಿನಿಂದ ಅವರ ಮಂಚಕ್ಕೆ ನೇರವಾಗಿ ಕಾಣುತ್ತಿತ್ತು.

"ಸಿಮೆಂಟ್ ಬಂತೇನ್ಲಾ?"

"ಇಲ್ಲ ದೊಡ್ಡಮ್ಮ."

ಅವರು ನನ್ನ ಜಗಲಿಯ ಕಡೆ ನೋಡಿದರು. ಮೂಟೆಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ನನ್ನ ಮುಖ ನೋಡಿ, "ಆಯ್ತು ಬುಡು. ಬಂದಾಗ ಮುಚ್ಚು" ಅಂದರು.